ಬಣ್ಣಕ್ಕೆ ಮರುಳಾಗಬೇಡಿ

ಫೋನಿನಲ್ಲಿ ನೀಹಾರಿಕೆಗಳ ಬಣ್ಣ ನೋಡಿ, ಆ ರಾತ್ರಿಯೇ ಟೆಲಿಸ್ಕೋಪಿಗೆ ದುಡ್ಡು ಸುರಿಯಬೇಡಿ. ನಮ್ಮ ಮನೆಯ ಹುಡುಗನೊಬ್ಬ ಹಾಗೇ ಮಾಡಿದ. ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆಗೆ ಕಣ್ಣಿಟ್ಟು, “ಇಷ್ಟೇನಾ? ಬೂದಿ ಊದಿದ ಹಾಗಿದೆ!” ಎಂದ.

ತಪ್ಪು ಟೆಲಿಸ್ಕೋಪಿನದಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು. ಕ್ಯಾಮೆರಾವಾದರೋ ಗಂಟೆಗಟ್ಟಲೆ ಬೆಳಕು ಕೂಡಿಸಿಕೊಳ್ಳುತ್ತದೆ. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ಟೆಲಿಸ್ಕೋಪು ಹಿಡಿಯುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು. ಬಣ್ಣ ಆಮೇಲೆ ಕೊಟ್ಟದ್ದು. ಸುಳ್ಳೇನಲ್ಲ, ಆದರೆ ಚಿತ್ರದ ಕೆಳಗಿನ ನಾಲ್ಕು ಸಾಲು ಓದದೆ ಬೆರಳು ಸರಿಸಬೇಡಿ. ನಾಸಾದ ‘ದಿನಕ್ಕೊಂದು ಖಗೋಳ ಚಿತ್ರ’ 1995ರಿಂದ ಬರುತ್ತಿದೆ. ವಿವರಣೆ ಬರೆಯುವವರು ಖಗೋಳವಿಜ್ಞಾನಿಗಳೇ. ಯಾರು ತೆಗೆದದ್ದು, ಯಾವುದರಿಂದ ಎಂಬ ಸುಳಿವೇ ಇಲ್ಲದ ವಾಟ್ಸಾಪ್ ಚಿತ್ರವನ್ನು ದಯವಿಟ್ಟು ಮುಂದಕ್ಕೆ ದಾಟಿಸಬೇಡಿ.

ಟೆಲಿಸ್ಕೋಪ್ ಕೊಳ್ಳುವ ಮೊದಲು, ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಸ್ಟೆಲ್ಲೇರಿಯಂ ತಂತ್ರಾಂಶ ಹಾಕಿಕೊಳ್ಳಿ. ನಿಮ್ಮ ಊರು ಹೇಳಿದರೆ ಇಂದಿನ ಆಕಾಶವನ್ನೇ ತೋರಿಸುತ್ತದೆ. ಬಳಿಕ ನವೆಂಬರಿನ ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಊರ ದೀಪಗಳಾಚೆ ಹೋಗಿ, 20 ನಿಮಿಷ ಫೋನ್ ಮುಟ್ಟದೆ ನಿಲ್ಲಿ. ಉತ್ತರಕ್ಕೆ, ಸಾಕಷ್ಟು ಮೇಲೆ, ದೇವಯಾನಿ ಗ್ಯಾಲಕ್ಸಿ ಹತ್ತಿಯೆಳೆಯಂತೆ ಬರಿಗಣ್ಣಿಗೇ ಸಿಗುತ್ತದೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಯಿತು.