ಗೆರೆ ಎಳೆಯೋಕೆ ಮುಂಚೆ

ಮಗಾ, ಗಾರ್ಮೆಂಟ್ಸ್ ಕೆಲಸ ಬಿಟ್ಟು ಹೊಳಲಿನ ಮನೆಯಲ್ಲೇ ಮಿಷಿನ್ ಹಾಕ್ಕೊಂಡಿದ್ದೀಯ, ಬಲು ಸಂತೋಷ ಕಣವ್ವ. ನಿನ್ನ ಹೊಲಿಗೆ ಅಚ್ಚುಕಟ್ಟು. ಕೆಳಗೆ ಬೀಳೋ ಚಿಂದಿ ಬಗ್ಗೆ ಮಾತ್ರ ಒಂದು ಮಾತು ಹೇಳ್ತೀನಿ.

ಎಷ್ಟು ಚಿಂದಿ ಬೀಳುತ್ತೆ ಅನ್ನೋದು ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗಲೇ ತೀರ್ಮಾನವಾಗಿಹೋಗುತ್ತೆ. ಉಡುಪಿಗೆ ತಂದ ಬಟ್ಟೆಯಲ್ಲಿ ನೂರಕ್ಕೆ ಸುಮಾರು 15 ಪಾಲು ಕತ್ತರಿಸೋ ಮೇಜಿನ ಮೇಲೇ ಹಾಳಾಗುತ್ತೆ ಅಂತ ಬಲ್ಲವರ ಅಂದಾಜು. ಹತ್ತಿ ಬೆಳೆದವರ ನೀರು, ನೇಯ್ದವರ ದುಡಿಮೆ ಎಲ್ಲಾ ಅದರ ಜೊತೆಗೇ ಹೋಯ್ತು. ಪಾಲಿಯೆಸ್ಟರ್ ಆದರಂತೂ ಮಣ್ಣಲ್ಲಿ ಕೊಳೆಯೋದಿಲ್ಲ, ಸುಟ್ಟರೆ ಕೆಟ್ಟ ಹೊಗೆ.

ಹಿಂದಿನವರು ಬಟ್ಟೆಯ ಅಗಲ ನೋಡಿ ಉಡುಪು ಯೋಚಿಸ್ತಿದ್ದರು. ಗುಳೇದಗುಡ್ಡದ ಖಣ ನೋಡು, ಮಗ್ಗದಿಂದ ಇಳಿಯೋದೇ ರವಿಕೆಯ ಲೆಕ್ಕದಲ್ಲಿ. ಜಪಾನಿನ ಕಿಮೋನೊಗೆ ಸುಮಾರು 14 ಅಂಗುಲ ಅಗಲದ ಬಟ್ಟೆ, ನೇರ ಪಟ್ಟಿಗಳು, ಉಳಿಯೋ ತುಂಡೇ ಇಲ್ಲ ಅನ್ನಬಹುದು. ನೀನು ಹೊಲಿಯೋ ಆರು ಪೀಸಿನ ಒಳಲಂಗಾನೂ ಹಾಗೇ: ಒಂದರ ಅಗಲದ ತುದಿ ಪಕ್ಕಕ್ಕೆ ಇನ್ನೊಂದರ ಕಿರಿದಾದ ತುದಿ.

ಹೀಗೆ ತಿರುಗಿಸಿ ಜೋಡಿಸೋದನ್ನ ರವಿಕೆ ತೋಳಿಗೂ ಮಾಡು. ಒಂದೇ ದಿಕ್ಕಿಗೆ ಹೂವಿರೋ ಪ್ರಿಂಟು, ಮಖಮಲ್ಲು ಆದರೆ ಬೇಡ. ಬಟ್ಟೆ ಉಳಿಸೋ ಆಸೆಗೆ ತೋಳನ್ನ ಓರೆಯಾಗಿಟ್ಟು ಕತ್ತರಿಸಲೂಬೇಡ. ಒಗೆದ ಮೇಲೆ ತಿರುಚಿಕೊಳ್ಳುತ್ತೆ, ಆಗ ಇಡೀ ರವಿಕೆಯೇ ಚಿಂದಿ. ಪಕ್ಕದ ಹೊಲಿಗೆ ಒಳಗೆ ಒಂದಂಗುಲ ಬಟ್ಟೆ ಬಿಡು. ಬಾಣಂತನ ಮುಗಿಸಿ ಬಂದವಳಿಗೂ ಹೊಲಿಗೆ ಬಿಚ್ಚಿದರೆ ಅದೇ ರವಿಕೆ ಆಗುತ್ತೆ.

ಜೂನ್‌ನಲ್ಲಿ ಯೂನಿಫಾರಂ ರಾಶಿ ಬರುತ್ತಲ್ಲ, ಒಂದೊಂದೇ ಕತ್ತರಿಸ್ತಾ ಕೂರಬೇಡ. ಗಾರ್ಮೆಂಟ್ಸ್‌ನಲ್ಲಿ ಮಾರ್ಕರ್, ಅಂದ್ರೆ ಕತ್ತರಿಸೋ ನಕ್ಷೆ, ಹಾಕುವಾಗ ದೊಡ್ಡ ಸೈಜು, ಚಿಕ್ಕ ಸೈಜು ಒಂದೇ ಹಾಸಿನ ಮೇಲೆ ಬೆರೆಸ್ತಾರೆ, ನೀನೇ ನೋಡಿದ್ದೀಯ. ಅಣ್ಣತಮ್ಮಂದಿರ ಬಟ್ಟೇನ ಹಾಗೇ ಒಟ್ಟಿಗೆ ಹಾಸು. ಅಣ್ಣನ ಷರಟಿನ ಕಂಕುಳ ಪಕ್ಕ ಉಳಿಯೋ ಜಾಗದಲ್ಲಿ ತಮ್ಮನ ಜೇಬು, ಕಾಲರ್ ಪಟ್ಟಿ ಕೂರುತ್ತೆ. ಹಳೇ ಪೇಪರಲ್ಲಿ ಅಳತೆ ಕತ್ತರಿಸಿಟ್ಟುಕೋ, ಬಟ್ಟೆ ಮೇಲೆ ಅತ್ತಿತ್ತ ಜರುಗಿಸಿ ನೋಡು, ಆಮೇಲೆ ಗೆರೆ ಎಳಿ. ಉಳಿದದ್ದನ್ನ ಮಡಚಿ ಅವರವ್ವನ ಕೈಗೇ ಕೊಟ್ಟು, ಮುಂದಿನ ಸಲ ಎಷ್ಟು ಮೀಟರ್ ತಂದರೆ ಸಾಕು ಅಂತ ಚೀಟಿ ಬರೆದುಕೊಡು.