ಅಧ್ಯಕ್ಷರ ಮಾತು ಕೊನೆಯದಾಗಿರಲಿ

ಬನಶಂಕರಿಯ ಜಾತ್ರೆಯಲ್ಲಿ ದಾಸೋಹ ನಡೆಸುವ ತಮ್ಮ ಸಂಘದ ಸಭೆಗಳಲ್ಲಿ ಕಾರ್ಯದರ್ಶಿಗಳು ಓದಿದುದಕ್ಕೆಲ್ಲ ಸದಸ್ಯರು ತಲೆಯಾಡಿಸಿ ಏಳುವರೆಂದು, ಹೊಸದಾಗಿ ಅಧ್ಯಕ್ಷಸ್ಥಾನಕ್ಕೆ ಬಂದ ತಾವು ಚಿಂತಿಸಿ ಬರೆದಿದ್ದೀರಿ. ಆ ಮೌನವನ್ನು ಸಮ್ಮತಿಯೆಂದು ಭಾವಿಸದಿರಿ. ವಿಷಯಪಟ್ಟಿಯನ್ನೂ ಜಮಾಖರ್ಚಿನ ತಖ್ತೆಯನ್ನೂ ವಾರ ಮುಂಚಿತವಾಗಿಯೇ ಎಲ್ಲರ ಕೈಗೆ ತಲುಪಿಸಿ, ಸಭೆಯಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿ, ತಮ್ಮ ಅಭಿಪ್ರಾಯವನ್ನು ಕಟ್ಟಕಡೆಗೆ ನುಡಿಯುವುದು ಲೇಸು. ಏಕೆಂದರೆ ಅಧ್ಯಕ್ಷರೇ ಮೊದಲು ಮಾತು ಮುಗಿಸಿದರೆ, ಹಿರಿಯರಿಗೆ ಎದುರಾಡಬಾರದೆಂಬ ಸಂಕೋಚದಿಂದ ಉಳಿದವರ ಬಾಯಿ ಕಟ್ಟುವುದು ನಮ್ಮ ಸೀಮೆಯಲ್ಲಿ ಸಹಜವೇ ಆಗಿದೆ. ಜೋಳದ ಚೀಲವೆಷ್ಟು, ಅಡುಗೆಯವರಾರು ಎಂಬುದನ್ನು ಕಾರ್ಯದರ್ಶಿಗಳಿಗೇ ಬಿಡಿರಿ. ಆದರೆ ಕಾಣಿಕೆಯ ಹಣವು ಯಾರ ಸಹಿಯಿಂದ ಬ್ಯಾಂಕಿನಿಂದ ಹೊರಡಬೇಕೆಂಬುದನ್ನು ಸಭೆಯೇ ನಿರ್ಣಯಿಸಿ, ಆ ಠರಾವನ್ನು ಅಂದೇ ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಎಲ್ಲರೆದುರು ಓದಿಸಿ, ಆಮೇಲೆ ಸಹಿ ಮಾಡಿರಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯುವುದಂತೂ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ವಿಧಿಯೇ ಸರಿ.

ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಲ್ಲಿ ಹುಟ್ಟಿ, ಸ್ಥಾಪಕರು ಕಣ್ಮರೆಯಾದ ಮೇಲೂ ತಲೆಮಾರುಗಳ ಕಾಲ ಬಾಳಿರುವುದನ್ನು ತಾವು ಕಂಡಿದ್ದೀರಿ. ತಮ್ಮ ಸಂಘವೂ ಹಾಗೆ ಬಾಳಬೇಕಾದರೆ ಮುಂದಿನವರನ್ನು ಈಗಲೇ ಅಣಿಗೊಳಿಸಬೇಕು. ಆದುದರಿಂದ, ಪ್ರಶ್ನೆ ಕೇಳುವನೆಂದು ಹಿರಿಯರು ಬೇಸರಿಸುವ ತಮ್ಮ ಸಂಘದ ಸದಸ್ಯನಾದ ಇಳಕಲ್ಲಿನ ಯುವ ನೇಕಾರನನ್ನು ಈ ವರ್ಷವೇ ಖಜಾಂಚಿಯ ಮಗ್ಗುಲಲ್ಲಿ ಕೂರಿಸಿ, ಲೆಕ್ಕ ಕಲಿಸಿರಿ.