ಸಾಮಾನ್ಯನ ದುರಂತ

ದುರಂತ ನಾಟಕವೆಂದೊಡನೆ ನಮಗೆ ಅರಸರು ನೆನಪಾಗುತ್ತಾರೆ. ಕುದಾಪುರದ ಸೀಮೆಯಲ್ಲಿ ಬಯಲಾಟದ ಕೌರವನನ್ನು ಅರಿಯದವರಾರು? ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದ 1926ರಲ್ಲಿ ‘ಗದಾಯುದ್ಧ ನಾಟಕ’ವನ್ನು ರಚಿಸಿದಾಗಲೂ ದುರಂತನಾಯಕನ ಪದವಿ ದುರ್ಯೋಧನನಿಗೇ ಸಂದಿತು. ಊರೂರು ಅಲೆದು ಸರಕು ಮಾರುವ ಮುದುಕನೊಬ್ಬನು ಆ ಪದವಿಗೆ ಅರ್ಹನೇ? ಅರ್ಹನೆಂದು ಅಮೆರಿಕದ ಆರ್ಥರ್ ಮಿಲ್ಲರನು ಸಾಧಿಸಿದನು. ಅವನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕವು 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನಲ್ಲಿ ರಂಗವೇರಿ, 742 ಪ್ರಯೋಗಗಳನ್ನು ಕಂಡಿತು.

ಕಥಾನಾಯಕ ವಿಲ್ಲಿ ಲೋಮನ್. ಅರವತ್ತು ದಾಟಿದ ಅವನನ್ನು ಹಳೆಯ ಯಜಮಾನನ ಮಗನೇ ಕೆಲಸದಿಂದ ತೆಗೆಯುತ್ತಾನೆ. ಹಿರಿಯ ಮಗ ಬಿಫ್ ತನ್ನ ಕನಸಿನಂತೆ ಬೆಳೆಯಲಿಲ್ಲವೆಂಬ ಕೊರಗು ಬೇರೆ. ಕಡೆಗೆ, ವಿಮೆಯ ಹಣವಾದರೂ ಮಗನಿಗೆ ಸಿಕ್ಕಲೆಂದು ಅವನು ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಮನೆಯ ಸಾಲದ ಕೊನೆಯ ಕಂತನ್ನು ಹೆಂಡತಿ ಲಿಂಡಾ ಕಟ್ಟುವುದು ಅವನನ್ನು ಮಣ್ಣು ಮಾಡಿದ ದಿನ!

ಈ ಲಿಂಡಾಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ಅವಳು ತನ್ನ ಹರಿದ ಕಾಲುಚೀಲಗಳನ್ನು ಹೊಲಿಯುತ್ತಾ ಕುಳಿತರೆ ವಿಲ್ಲಿ ಸಿಡಿಮಿಡಿಗೊಳ್ಳುತ್ತಾನೆ. ಏಕೆಂದರೆ ಹೊಸ ಕಾಲುಚೀಲಗಳನ್ನು ಅವನು ಪರಸ್ತ್ರೀಯೊಬ್ಬಳಿಗೆ ಕೊಟ್ಟಿದ್ದಾನೆ. ಅದನ್ನು ಬಿಫ್ ಕಣ್ಣಾರೆ ಕಂಡಿದ್ದಾನೆ. ತಂದೆಮಕ್ಕಳ ನಡುವಣ ಬಿರುಕಿನ ಮೂಲವು ಇದು. ಲಿಂಡಾಳಿಗೆ ಇದಾವುದೂ ತಿಳಿಯದು. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಭಾರವನ್ನು ಹೊರಿಸಿದುದು ನಮ್ಮ ಅಭಿಪ್ರಾಯದಲ್ಲಿ ಈ ನಾಟಕದ ಅತಿಶಯ.

ಎಲಿಯಾ ಕಜಾನನು ನಿರ್ದೇಶಿಸಿದ ಆ ಮೊದಲ ಪ್ರಯೋಗಕ್ಕೆ ಜೋ ಮೀಲ್ಜೀನರನು ಗೋಡೆಗಳಿಲ್ಲದ, ಬರಿಯ ಹಂದರದಂತಹ ಮನೆಯನ್ನು ಕಟ್ಟಿದನು. ಈಗಿನ ಸಂಗತಿ ನಡೆಯುವಾಗ ಪಾತ್ರಗಳು ಬಾಗಿಲಿನಿಂದಲೇ ಬರಬೇಕು. ಹಳೆಯ ನೆನಪು ನಡೆಯುವಾಗ ಇಲ್ಲದ ಗೋಡೆಯನ್ನು ದಾಟಿ ನಡೆದುಬಿಡುತ್ತಾರೆ. ಪರದೆ ಎಳೆಯುವ ಗೊಡವೆಯೇ ಇಲ್ಲ.

1983ರಲ್ಲಿ ಮಿಲ್ಲರನು ಚೀನಾದ ಬೀಜಿಂಗಿಗೆ ಹೋಗಿ ಚೀನೀ ನಟರಿಂದ ಇದನ್ನು ಆಡಿಸಿದನು. ಭಾಷಾಂತರಿಸಿದ ಯಿಂಗ್ ರುವೊಚೆಂಗನೇ ವಿಲ್ಲಿಯ ಪಾತ್ರವನ್ನೂ ಧರಿಸಿದನು. ವಿಲ್ಲಿಯ ಕಸುಬು ಅಲ್ಲಿನವರಿಗೆ ಅಪರಿಚಿತವಾದರೂ, ಅಮೆರಿಕನ್ನರಂತೆ ಕಾಣಲು ಕೃತಕ ಕೂದಲು ಬೇಡವೆಂದು ಮಿಲ್ಲರನು ತಡೆದನು. ಚೀನೀಯರು ಚೀನೀಯರಾಗಿಯೇ ಆಡಿದರು.

ಹಾಗಾದರೆ ನಮ್ಮಲ್ಲಿ ಆಡುವವರಿಗೂ ಕೋಟು ಟೊಪ್ಪಿಗೆ ಬೇಕಿಲ್ಲ. ವಿಲ್ಲಿಯ ಕೈಗೆ ಮೊಳಕಾಲ್ಮೂರು ರೇಷ್ಮೆ ಸೀರೆಗಳ ಗಂಟನ್ನು ಕೊಡಬಹುದು. ಕಾಲುಚೀಲದ ಸ್ಥಾನದಲ್ಲಿ, ಹರಿದ ನೂಲಿನ ಸೀರೆಗೆ ತೇಪೆ ಹಾಕುತ್ತಾ ಕುಳಿತ ಹೆಂಡತಿಯನ್ನು ತೋರಿಸಬೇಕಾದೀತು.